ಹೆಬ್ಬೆಟ್ಟಿನ ಗುರುತು

ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ನಸುಕಿನ ಬಸ್ಸು ಹಿಡಿದು ಬಂದವರು, ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರು, ಎಕ್ಸ್-ರೇ ಲಕೋಟೆಯನ್ನು ಎದೆಗವಚಿಕೊಂಡು ನಿಂತವರು, ಎಲ್ಲರ ಕಣ್ಣೂ ವೈದ್ಯರ ಕೋಣೆಯ ಬಾಗಿಲಿನ ಮೇಲೆಯೇ. ಆ ಬಾಗಿಲಿನ ಪಕ್ಕದ ಗೋಡೆಯಲ್ಲಿ ಕೆಲವೊಮ್ಮೆ ಒಂದು ಪ್ರಕಟಣೆ ಅಂಟಿಸಿರುತ್ತದೆ. ಇಂಥ ರೋಗವುಳ್ಳವರಿಗಾಗಿ ಹೊಸದೊಂದು ಚಿಕಿತ್ಸೆಯ ಅಧ್ಯಯನ ನಡೆಯುತ್ತಿದೆ, ಇಂತಿಷ್ಟು ವಯಸ್ಸಿನವರು ಇಚ್ಛೆಯಿದ್ದರೆ ಅದರಲ್ಲಿ ಸೇರಬಹುದು ಎಂಬುದು ಅದರ ಸಾರ. ಅದನ್ನು ನಿಂತು ಓದುವವರು ವಿರಳ. ಆದುದರಿಂದ ವೈದ್ಯರೇ ರೋಗಿಯನ್ನು ಕೂರಿಸಿಕೊಂಡು ವಿಷಯವನ್ನು ತಿಳಿಸಬೇಕಾಗುತ್ತದೆ.

ಆಗ ನಡೆಯುವ ಮಾತುಕತೆ ಎಷ್ಟೋ ಸಲ ಒಂದೇ ಬಗೆಯದು. ತರುಣ ವೈದ್ಯನೊಬ್ಬನು ಕಾಗದಗಳ ಕಟ್ಟನ್ನು ಮುಂದಿಟ್ಟುಕೊಂಡು, "ಅಜ್ಜೀ, ಇದರಲ್ಲಿ ಎರಡು ಬಗೆಯ ಚಿಕಿತ್ಸೆಗಳಿವೆ. ನಿಮ್ಮ ಪಾಲಿಗೆ ಯಾವುದು ಬರುತ್ತದೆಂದು ಈಗಲೇ ಹೇಳಲಾರೆ" ಎಂದು ಆರಂಭಿಸುತ್ತಾನೆ. ಎದುರಿಗೆ ಕುಳಿತ ವೃದ್ಧೆ ಅಷ್ಟರಲ್ಲೇ ಸೆರಗಿನಿಂದ ಬೆರಳನ್ನು ಒರೆಸಿಕೊಂಡು ಸಿದ್ಧಳಾಗಿರುತ್ತಾಳೆ. "ಓದಿದೋರು ನೀವು, ನಮಗೆ ಕೆಟ್ಟದ್ದು ಮಾಡ್ತೀರಾ ಸ್ವಾಮಿ? ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ಹೇಳಿ."

ಸಮ್ಮತಿ ಇಷ್ಟು ಸುಲಭವಾಗಿ ದೊರೆತಾಗ ಹಿಗ್ಗುವ ವೈದ್ಯನಿಗಿಂತ ಕಳವಳಪಡುವ ವೈದ್ಯನೇ ಮೇಲು. ಆ ವೃದ್ಧೆ ಒಪ್ಪಿರುವುದು ಅಧ್ಯಯನಕ್ಕಲ್ಲ, ವೈದ್ಯನ ಬಿಳಿಯ ಅಂಗಿಗೆ.

ಯಾವ ಚಿಕಿತ್ಸೆ ಉತ್ತಮವೆಂದು ವೈದ್ಯನಿಗೇ ತಿಳಿಯದು ಎಂಬ ಮಾತು ಕೇಳಲು ವಿಚಿತ್ರವಾಗಿದೆ. ಬಲ್ಲವನೆಂದು ನಂಬಿ ಬಂದವರ ಎದುರಿಗೆ 'ಅರಿಯೆ' ಎನ್ನುವುದು ಹೇಗೆ? ವೈದ್ಯಶಾಸ್ತ್ರವು ಈ ಮಾತನ್ನು ಬಾಯಿಬಿಟ್ಟು ಆಡಲು ಬಹುಕಾಲ ಹಿಡಿಯಿತು. ನರವನ್ನು ಕೊಯ್ದು ರಕ್ತ ಹರಿಯಬಿಡುವುದೇ ಜ್ವರಕ್ಕೆ ಮದ್ದೆಂದು ಯುರೋಪಿನ ಪಂಡಿತರು ಶತಮಾನಗಳ ಕಾಲ ನಂಬಿದ್ದರು. ಬದುಕಿ ಉಳಿದವನು ವೈದ್ಯನನ್ನು ಹೊಗಳಿದನು. ಸತ್ತವನು ದೂರು ಹೇಳಲು ಬರಲಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದನ್ನು ಕೊಟ್ಟು ನೋಡಿದನು. ಕಿತ್ತಳೆ, ನಿಂಬೆಹಣ್ಣುಗಳನ್ನು ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಸಮುದ್ರದ ನೀರು ಕುಡಿಯಬೇಕಾಗಿ ಬಂದ ಇಬ್ಬರು ನಾವಿಕರನ್ನು ಯಾರೂ ನೆನೆಯುವುದಿಲ್ಲ. ಅವರಂಥವರು ಇಲ್ಲದಿದ್ದರೆ ನಿಂಬೆಯ ಗುಣವು ಹಡಗಿನ ಅಡುಗೆಯವನ ಹೇಳಿಕೆಯಾಗಿ ಮಾತ್ರ ಉಳಿಯುತ್ತಿತ್ತು.

ಎರಡು ನೂರು ವರ್ಷಗಳ ನಂತರ ಇದೇ ಕಾರ್ಯವು ಇನ್ನಷ್ಟು ಕಟ್ಟುನಿಟ್ಟಾಗಿ ನಡೆಯಿತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಅಮೆರಿಕದಲ್ಲಿ 1943ರಲ್ಲಿ ದೊರೆತಿತ್ತು. ಯುದ್ಧದಿಂದ ಬಡವಾಗಿದ್ದ ಬ್ರಿಟನ್ನಿಗೆ ಅದನ್ನು ಬೇಕಾದಷ್ಟು ಕೊಳ್ಳುವ ಶಕ್ತಿಯಿರಲಿಲ್ಲ. ಇದ್ದ ಅಲ್ಪ ಔಷಧವನ್ನು ಯಾರಿಗೆ ಕೊಡಬೇಕು? ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ತಾವೇ ತಾರುಣ್ಯದಲ್ಲಿ ಕ್ಷಯದಿಂದ ನರಳಿದ್ದವರು, ಆಯ್ಕೆಯನ್ನು ವೈದ್ಯರ ಮನಸ್ಸಿಗೆ ಬಿಡಬಾರದೆಂದರು. ವೈದ್ಯನು ಆಯ್ದರೆ ಉಳಿಯುವಂತೆ ತೋರಿದವನಿಗೋ, ಕನಿಕರ ಹುಟ್ಟಿಸಿದವನಿಗೋ ಔಷಧ ಹೋಗುತ್ತದೆ. ಆಮೇಲೆ ಗುಣ ಔಷಧದ್ದೋ ಆಯ್ಕೆಯದ್ದೋ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಮುಚ್ಚಿದ ಲಕೋಟೆಯೊಳಗಿನ ಚೀಟಿಯೇ ಅದನ್ನು ತೀರ್ಮಾನಿಸಿತು. 1947ರಲ್ಲಿ ಆರಂಭವಾದ ಆ ಅಧ್ಯಯನದ 107 ರೋಗಿಗಳ ಪೈಕಿ 55 ಮಂದಿಗೆ ಔಷಧವೂ ವಿಶ್ರಾಂತಿಯೂ ದೊರೆತವು. 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳು ಕಳೆಯುವ ಹೊತ್ತಿಗೆ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡಿದ್ದರು. 1948ರಲ್ಲಿ ಪ್ರಕಟವಾದ ಈ ವರದಿಯನ್ನು ವೈದ್ಯಲೋಕ ಇಂದಿಗೂ ಗೌರವದಿಂದ ಕಾಣುತ್ತದೆ. ಆದರೆ ಔಷಧ ದೊರೆಯದಿದ್ದ ಆ 52 ಮಂದಿಗೆ ತಾವು ಒಂದು ಅಧ್ಯಯನದ ಭಾಗವೆಂಬ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಆ ಕಾಲಕ್ಕೆ ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ.

ಭಾರತದ ಪಾಲಿಗೆ ಇದಕ್ಕಿಂತ ಮುಖ್ಯವಾದ ಚೀಟಿಯೊಂದು ಮದರಾಸಿನಲ್ಲಿ ಎತ್ತಲ್ಪಟ್ಟಿತು. ಕ್ಷಯರೋಗಿ ಎಂದರೆ ಊರಿನಿಂದ ದೂರವಿರಬೇಕಾದವನು ಎಂಬುದು ಅಂದಿನ ನಂಬಿಕೆ. ಶುದ್ಧವಾದ ಗಾಳಿ, ಪೂರ್ಣ ವಿಶ್ರಾಂತಿ, ಹಾಲು ಮೊಟ್ಟೆಗಳ ಆಹಾರ, ಇವಿಲ್ಲದೆ ರೋಗ ವಾಸಿಯಾಗದೆಂದು ಎಲ್ಲರೂ ತಿಳಿದಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಎದ್ದಂಥ ಸ್ಯಾನಟೋರಿಯಂಗಳು ಈ ನಂಬಿಕೆಯ ಮೇಲೆಯೇ ನಿಂತಿದ್ದವು. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ. ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ಬಾಗಿಲು ಕಾಯುತ್ತಲೇ ಪ್ರಾಣ ಬಿಟ್ಟವರೆಷ್ಟೋ!

ಹೊಸ ಮಾತ್ರೆಗಳು ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು. ರೋಗಿಯನ್ನು ಅವನ ಮನೆಯಲ್ಲೇ ಇರಿಸಿ ಮಾತ್ರೆ ಕೊಟ್ಟರೆ ಏನಾಗುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳು ಕೂಡಿ 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವನ್ನು ತೆರೆದವು. ಡಾ. ವಾಲೇಸ್ ಫಾಕ್ಸ್ ಎಂಬ ಆಂಗ್ಲ ವೈದ್ಯರು ಅದನ್ನು ಮುನ್ನಡೆಸಿದರು. ನಗರದ ಬಡ ಕೇರಿಗಳಿಂದ ಬಂದ 193 ರೋಗಿಗಳನ್ನು ಚೀಟಿಯ ಕ್ರಮದಿಂದಲೇ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ತಮ್ಮ ಮನೆ. ಔಷಧ ಮಾತ್ರ ಇಬ್ಬರಿಗೂ ಒಂದೇ. ಒಂದು ವರ್ಷ ಕಾಲ ನುಂಗಬೇಕು.

ಮನೆಯೆಂದರೆ ಎಂಥ ಮನೆ! ಒಂದೇ ಕೋಣೆಯಲ್ಲಿ ಇಡೀ ಸಂಸಾರ; ಗಾಳಿ ಬೆಳಕು ಅಷ್ಟಕ್ಕಷ್ಟೆ; ಊಟ ಸಿಕ್ಕಿದಷ್ಟು. ಕೆಮ್ಮು ತುಸು ಇಳಿಯುತ್ತಲೇ ದುಡಿಮೆಗೆ ಹೊರಡದಿದ್ದರೆ ಮರುದಿನ ಒಲೆ ಉರಿಯದು. ಔಷಧವಾದರೂ ಸುಲಭದ್ದಲ್ಲ. ಅದರಲ್ಲೊಂದು ದಪ್ಪನೆಯದು, ನುಂಗಿದರೆ ಹೊಟ್ಟೆ ತೊಳಸುವಂಥದು. ಕೊಟ್ಟ ಮಾತ್ರೆಯನ್ನು ರೋಗಿ ನುಂಗಿದನೋ ಬಿಸುಟನೋ ಎಂದು ತಿಳಿಯಲು ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸುತ್ತಿದ್ದರು, ಮೂತ್ರವನ್ನು ಪರೀಕ್ಷಿಸಲಾಗುತ್ತಿತ್ತು. ಆ ಗಲ್ಲಿಗಳಲ್ಲಿ ಬಿಸಿಲಿನಲ್ಲಿ ನಡೆದ ಆ ಹೆಣ್ಣುಮಕ್ಕಳ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿಲ್ಲ. ಆದರೆ ವರದಿಯಲ್ಲಿರುವ ಪ್ರತಿಯೊಂದು ಅಂಕಿಯೂ ಅವರ ಕಾಲ್ನಡಿಗೆಯ ಫಲವೇ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಸ್ಯಾನಟೋರಿಯಂನಲ್ಲಿದ್ದವರೂ ಹೆಚ್ಚುಕಡಿಮೆ ಸಮಾನವಾಗಿಯೇ ಗುಣಹೊಂದಿದ್ದರು. ಹಾಲು, ಮೊಟ್ಟೆ, ಹಾಸಿಗೆಗಳಿಲ್ಲದೆ ಮಾತ್ರೆಯೇ ಗೆದ್ದಿತ್ತು. ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದು. ಮನೆಯಲ್ಲಿ ಚಿಕಿತ್ಸೆ ಪಡೆದವನ ಹೆಂಡತಿ ಮಕ್ಕಳಿಗೆ, ಸ್ಯಾನಟೋರಿಯಂ ಸೇರಿದವನ ಹೆಂಡತಿ ಮಕ್ಕಳಿಗಿಂತ ಹೆಚ್ಚಾಗಿ ರೋಗ ತಗುಲಿರಲಿಲ್ಲ. ತಂದೆಯನ್ನು ಮಕ್ಕಳಿಂದ ಬೇರ್ಪಡಿಸಬೇಕಾದ ಅಗತ್ಯ ಅಲ್ಲಿಗೆ ಮುಗಿಯಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ರೂಪುಗೊಂಡು 1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾರ್ಯಕ್ರಮವು ಮನೆಯಲ್ಲೇ ಚಿಕಿತ್ಸೆ ಎಂಬ ತತ್ತ್ವವನ್ನು ಹಿಡಿದೇ ನಡೆಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪಡೆದು ಮನೆಗೆ ಮರಳುವ ರೋಗಿಗೆ, ಮದರಾಸಿನ ಆ 193 ಮಂದಿಯ ಸುದ್ದಿ ತಿಳಿದಿರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಸೊಗಸಾಗಿಯೇ ಇರುತ್ತದೆ. ಆದರೆ ಅರ್ಧ ಸತ್ಯವಾಗುತ್ತದೆ. ಅಮೆರಿಕದ ಅಲಬಾಮ ಸೀಮೆಯ ಟಸ್ಕೀಗಿಯಲ್ಲಿ 1932ರಲ್ಲಿ ಆ ದೇಶದ ಸರಕಾರಿ ಆರೋಗ್ಯ ಇಲಾಖೆಯೇ ಒಂದು ಅಧ್ಯಯನವನ್ನು ಆರಂಭಿಸಿತು. ಅದರಲ್ಲಿ ಸೇರಿದ ಸುಮಾರು 600 ಮಂದಿ ಬಡ ಕಪ್ಪು ಜನರ ಪೈಕಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ. 'ಕೆಟ್ಟ ರಕ್ತ' ಎಂದಷ್ಟೇ ತಿಳಿಸಿದರು. ಬೆನ್ನುಹುರಿಯಿಂದ ನೀರು ತೆಗೆಯುವ ನೋವಿನ ಪರೀಕ್ಷೆಯನ್ನು ವಿಶೇಷ ಚಿಕಿತ್ಸೆಯೆಂದು ನಂಬಿಸಿದರು. ಚಿಕಿತ್ಸೆಯಿಲ್ಲದೆ ರೋಗ ಹೇಗೆ ಮುಂದುವರಿಯುತ್ತದೆಂದು ನೋಡುವುದೇ ನಿಜವಾದ ಉದ್ದೇಶವಾಗಿತ್ತು. 1940ರ ದಶಕದ ಕೊನೆಗೆ ಪೆನಿಸಿಲಿನ್ ಈ ರೋಗದ ಮದ್ದಾಗಿ ಎಲ್ಲೆಡೆ ದೊರೆಯತೊಡಗಿದರೂ ಇವರಿಗೆ ಅದನ್ನು ಕೊಡಲಿಲ್ಲ. 1972ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಹೊರಬಿದ್ದ ಮೇಲಷ್ಟೇ ಅದು ನಿಂತಿತು. ನಲವತ್ತು ವರ್ಷ! ಆ ಜನರೂ ತಮ್ಮ ವೈದ್ಯರನ್ನು ಓದಿದವರೆಂದೇ ನಂಬಿದ್ದರು. ರಾಷ್ಟ್ರಾಧ್ಯಕ್ಷ ಕ್ಲಿಂಟನ್ನರು ಸರಕಾರದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ. ಅಷ್ಟರಲ್ಲಿ ಕೇಳಿಸಿಕೊಳ್ಳಲು ಉಳಿದಿದ್ದವರು ಕೆಲವರೇ.

ರೋಗಿಯ ಸ್ವಇಚ್ಛೆಯ ಸಮ್ಮತಿಯಿಲ್ಲದೆ ಪ್ರಯೋಗ ಸಲ್ಲದೆಂದು ನ್ಯೂರೆಂಬರ್ಗ್ ನ್ಯಾಯಾಲಯವು 1947ರಲ್ಲೇ ಸಾರಿತ್ತು. 1964ರಲ್ಲಿ ಹೆಲ್ಸಿಂಕಿಯಲ್ಲಿ ವೈದ್ಯರೇ ಕೂಡಿ ಘೋಷಣೆ ಹೊರಡಿಸಿದ್ದರು. ಇವೆರಡರ ಕಣ್ಣೆದುರಿಗೇ ಟಸ್ಕೀಗಿಯ ಕೆಲಸ ನಡೆದೇ ಇತ್ತು. ಕಾಗದಕ್ಕೆ ಕಾವಲಿರುವ ಮನುಷ್ಯರು ಬೇಕು. ಭಾರತದಲ್ಲಿ 2019ರ ನಿಯಮಗಳಂತೆ, ಹೊಸ ಔಷಧದ ಅಧ್ಯಯನಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಓದಲು ಬಾರದ ರೋಗಿಯ ಪಕ್ಕದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನಿರಬೇಕು. ಅಧ್ಯಯನದಿಂದ ಹಾನಿಯಾದರೆ ಪರಿಹಾರ ಸಿಗಬೇಕು.

ಆದರೂ ಚೀಟಿಯ ಅಗತ್ಯ ಹೋಗಿಲ್ಲ. 2020ರಲ್ಲಿ ಕೊರೋನಾ ಹರಡಿದಾಗ ಜಗತ್ತಿನ ವೈದ್ಯರು ಕೈಗೆ ಸಿಕ್ಕಿದ ಮದ್ದುಗಳನ್ನೆಲ್ಲ ಕೊಡತೊಡಗಿದ್ದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಮಾತ್ರ, ಯಾವುದು ಫಲಕಾರಿಯೆಂದು ತಮಗೆ ತಿಳಿಯದೆಂದು ಒಪ್ಪಿಕೊಂಡು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಸಮ್ಮತಿ ಕೇಳತೊಡಗಿದರು. ಬಹಳ ಮಂದಿ ನಂಬಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಷ್ಪ್ರಯೋಜಕವೆಂದು ತಿಳಿಯಿತು. ದಶಕಗಳಿಂದ ಬಳಕೆಯಲ್ಲಿದ್ದ ಅಗ್ಗದ ಡೆಕ್ಸಾಮೆಥಾಸೋನ್ ಪ್ರಾಣ ಉಳಿಸಿತು. ಅದು ದೊರೆತವರು 2,104 ಮಂದಿ, ದೊರೆಯದವರು 4,321 ಮಂದಿ. ಇವರಲ್ಲಿ ಉಸಿರಾಟದ ಯಂತ್ರಕ್ಕೆ ಒಳಗಾಗಿದ್ದವರನ್ನು ಮಾತ್ರ ನೋಡಿದರೆ, 28 ದಿನಗಳೊಳಗೆ ಸತ್ತವರು ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 41, ಔಷಧ ದೊರೆತ ಗುಂಪಿನಲ್ಲಿ 29. ಅದೇ ವರ್ಷ ಭಾರತದ ಆಸ್ಪತ್ರೆಗಳಲ್ಲೂ ಆ ಔಷಧ ಬಳಕೆಗೆ ಬಂದಿತು. ಅದರಿಂದ ಬದುಕಿದವರ ಋಣ ಔಷಧ ದೊರೆತವರಿಗೆ ಮಾತ್ರವಲ್ಲ, ದೊರೆಯದೆ ಹೋದವರಿಗೂ ಸಲ್ಲಬೇಕು.

ವೃದ್ಧೆಯ ಎದುರಿಗೆ ಕುಳಿತ ತರುಣ ವೈದ್ಯನು ಹೇಳಬೇಕಾದ ಕಷ್ಟದ ಮಾತು ಇದೇ. ಅವನು ಶಾಯಿಯ ಡಬ್ಬಿಯನ್ನು ಮುಚ್ಚಿ ಬದಿಗಿಡುತ್ತಾನೆ.

"ಊರಲ್ಲಿ ಚೀಟಿ ಎತ್ತುತ್ತಾರಲ್ಲ ಅಜ್ಜೀ, ಇದೂ ಹಾಗೆಯೇ. ಹೊಸ ಮದ್ದು ನಿಮಗೆ ಬರಬಹುದು, ಬರದೆಯೂ ಇರಬಹುದು. ಬಂದರೂ ಅದು ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ನನಗೆ ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ?"

"ಇಲ್ಲ. ಅದನ್ನು ತಿಳಿಯುವುದಕ್ಕೇ ನಿಮ್ಮನ್ನು ಕೇಳುತ್ತಿರುವುದು."

ಆಕೆ ಅವನ ಮುಖವನ್ನು ಮೊದಲ ಸಲ ನೋಡುವವಳಂತೆ ದಿಟ್ಟಿಸುತ್ತಾಳೆ. "ನಾನು ಒಲ್ಲೆ ಅಂದರೆ?"

"ಈಗ ಹೇಗೆ ನೋಡುತ್ತಿದ್ದೇವೋ ಹಾಗೆಯೇ ನೋಡುತ್ತೇವೆ. ಸೇರಿದ ಮೇಲೆ ನಡುವೆ ಬಿಟ್ಟು ಹೋದರೂ ಅಷ್ಟೆ."

ಸಾಲಿನಲ್ಲಿ ನಿಂತವರು ಬಾಗಿಲಿನಿಂದ ಇಣುಕುತ್ತಿದ್ದಾರೆ. ವೃದ್ಧೆಗೆ ಅವಸರವಿಲ್ಲ. ಕೈಗೆ ಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಳ್ಳುತ್ತಾಳೆ.

"ಮೊಮ್ಮಗಳು ಹತ್ತನೇ ತರಗತಿ ಓದ್ತಾಳೆ. ಅವಳ ಕೈಲಿ ಓದಿಸ್ತೀನಿ. ಬರೋ ಬುಧವಾರ ಬಂದು ಹೇಳ್ತೀನಿ, ಸ್ವಾಮಿ."