ಅಪ್ಪ ಅತ್ತ ರಾತ್ರಿ

ನಮ್ಮ ಅಪ್ಪ ಅಳುವುದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಮನೆಯಲ್ಲಲ್ಲ, ಊರಿಗೆ ಊರೇ ಕುಳಿತು ನೋಡುತ್ತಿದ್ದ ನಾಟಕದ ಸ್ಟೇಜಿನ ಮೇಲೆ.

ಸಿರುಗುಪ್ಪ ತಾಲ್ಲೂಕಿನ ಕರೂರು ನಮ್ಮೂರು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಸೀಮೆ ಭತ್ತದ ಸೀಮೆಯಾಯಿತು. ನಾಟಿ, ಕಳೆ, ಕೊಯ್ಲು ಎಂದು ವರ್ಷವಿಡೀ ಮೈಮುರಿದು ದುಡಿಯುವ ಜನಕ್ಕೆ ಸುಗ್ಗಿ ಮುಗಿದರೆ ಒಂದೇ ಹುಚ್ಚು: ಬಯಲಾಟ, ಇಲ್ಲವೇ ನಾಟಕ. ಹಗಲು ಗದ್ದೆಯ ಕೆಸರು, ರಾತ್ರಿ ಹಾರ್ಮೋನಿಯಂ ಮಾಸ್ತರರ ಮುಂದೆ ತಾಲೀಮು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೂರು ತಾಸಿನ ನಾಟಕದ ಮಾತೂ ಹಾಡೂ ಅವನಿಗೆ ಬಾಯಿಪಾಠ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ನನ್ನ ತಮ್ಮ ಜ್ವರ ಬಂದು ತೀರಿಕೊಂಡ. ಅವನಿಗಿನ್ನೂ ಐದು ವರ್ಷ. ಅವ್ವ ತಿಂಗಳುಗಟ್ಟಲೆ ಅತ್ತಳು. ಅಪ್ಪ ಮಾತ್ರ ಮಗನನ್ನು ಮಣ್ಣು ಮಾಡಿ ಬಂದ ಮೂರನೇ ದಿನವೇ ಸಲಿಕೆ ಹೆಗಲಿಗೇರಿಸಿ ಗದ್ದೆಗೆ ನೀರು ಕಟ್ಟಲು ಹೋದ. ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ‘ಇವನಿಗೆ ಕರುಳೇ ಇಲ್ಲ’ ಎಂದು ನಾನು ಒಳಗೊಳಗೇ ಹಗೆ ಸಾಧಿಸತೊಡಗಿದೆ. ಅವನು ಕರೆದರೆ ಓಗೊಡುತ್ತಿರಲಿಲ್ಲ. ಅವನ ಜೊತೆ ಉಣ್ಣಲು ಕೂಡುತ್ತಿರಲಿಲ್ಲ.

ಆ ಸುಗ್ಗಿಗೆ ಊರಿನವರು ಹೂಡಿದ್ದು ಸತ್ಯಹರಿಶ್ಚಂದ್ರ ನಾಟಕ. ಹರಿಶ್ಚಂದ್ರನ ಪಾತ್ರ ಅಪ್ಪನದೇ. ಸ್ಮಶಾನದ ದೃಶ್ಯ ಬಂತು. ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ಬರುತ್ತಾಳೆ. ಕಾವಲಿನ ಹರಿಶ್ಚಂದ್ರ ಸುಡುಗಾಡಿನ ಸುಂಕ ಕೇಳಬೇಕು. ಅಪ್ಪ ಬಾಯಿ ತೆರೆದ, ಮಾತು ಹೊರಡಲಿಲ್ಲ. ಪರದೆಯ ಹಿಂದಿನಿಂದ ಮಾತು ಎತ್ತಿಕೊಟ್ಟರು. ಆಗಲೂ ಹೊರಡಲಿಲ್ಲ. ಮಾಸ್ತರರು ಹಾರ್ಮೋನಿಯಂನ ಸ್ವರ ಹಿಡಿದೇ ಕುಳಿತರು. ಅಪ್ಪ ಆ ಹುಡುಗನ ಪಕ್ಕ ಕುಸಿದು, ಕೋಲಿಗೆ ಹಣೆ ಹಚ್ಚಿ, ದನಿ ತೆಗೆದು ಅತ್ತ. ಜನ ‘ಭಲೇ ನಟ’ ಅಂದುಕೊಂಡರೋ ಏನೋ, ಒಬ್ಬರೂ ಮಿಸುಕಲಿಲ್ಲ. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು.

ಮರುದಿನ ಗದ್ದೆಗೆ ಬುತ್ತಿ ಒಯ್ದಾಗ ಧೈರ್ಯ ಮಾಡಿ ಕೇಳಿದೆ: “ಯಪ್ಪಾ, ರಾತ್ರಿ ಖರೇನ ಅತ್ತೇನು?”

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಅಂದ: “ಮನ್ಯಾಗ ನಾ ಅತ್ರ ನಿಮ್ಮವ್ವನ್ನ ಹಿಡಿಯೋರು ಯಾರಪ್ಪಾ? ಅಲ್ಲಾದ್ರ ಹರಿಶ್ಚಂದ್ರ ಅತ್ತ ಅಂತಾರ.”

ಆ ದಿನ ಒಂದೇ ಬುತ್ತಿಯಲ್ಲಿ ಇಬ್ಬರೂ ಉಂಡೆವು. ಮುಂದೆ ಸಿರುಗುಪ್ಪದ ಟೆಂಟಿಗೆ 1965ರ ‘ಸತ್ಯ ಹರಿಶ್ಚಂದ್ರ’ ಸಿನಿಮಾ ಮತ್ತೆ ಬಂದಾಗ ಅಪ್ಪ ನಮ್ಮಿಬ್ಬರನ್ನೂ ಕರೆದೊಯ್ದ. ಸ್ಮಶಾನದ ದೃಶ್ಯದಲ್ಲಿ ರಾಜ್‌ಕುಮಾರ್ ಕಾಣಿಸಿಕೊಂಡಾಗ ಕತ್ತಲಲ್ಲಿ ಅವ್ವ ಅಪ್ಪನ ಕೈ ಹಿಡಿದುಕೊಂಡಿದ್ದಳು. ಹಗಲಿನಲ್ಲಿ ಅವರು ಹಾಗೆ ಕೈ ಹಿಡಿದದ್ದನ್ನು ನಾನು ನೋಡಿದವನಲ್ಲ.

ಕಲೆ ಎಂದರೆ ಹೊತ್ತು ಕಳೆಯುವ ಸಾಧನ ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಎದೆಯೊಳಗೆ ಹೆಪ್ಪುಗಟ್ಟಿದ್ದಕ್ಕೆ ಅದು ಒಂದು ದಾರಿ. ನಮ್ಮ ಜಿಲ್ಲೆಯ ದರೋಜಿ ಈರಮ್ಮನವರನ್ನೇ ನೋಡಿ. ಅವರು ಅಕ್ಷರ ಕಲಿತವರಲ್ಲ. ಆದರೂ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನ ಬಲದಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಇಷ್ಟೊಂದು ಜನರ ಸುಖದುಃಖವನ್ನು ಒಬ್ಬ ಹೆಣ್ಣುಮಗಳು ಎದೆಯಲ್ಲಿ ಹೊತ್ತು ತಿರುಗಿದಳಲ್ಲ, ಆ ವಿದ್ಯೆಗೆ ಎಷ್ಟು ಅಂಕ ಕೊಡೋಣ ಹೇಳಿ?

‘ಕಲೆ ಹೊಟ್ಟೆ ತುಂಬಿಸುತ್ತದೆಯೇ?’ ಎಂಬುದು ತಂದೆತಾಯಿಗಳ ಪ್ರಶ್ನೆ. ಅದು ತಪ್ಪಲ್ಲ. ಬಳ್ಳಾರಿ ರಾಘವರು ವಕೀಲಿ ಮಾಡುತ್ತಲೇ ದೊಡ್ಡ ನಟರಾದರು. ಇಂದಿಗೂ ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಇನ್ನು ಗದುಗಿನ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ ಹನ್ನೊಂದರ ವಯಸ್ಸಿಗೇ ಗುರುವನ್ನರಸಿ ಮನೆ ಬಿಟ್ಟವರು. ಮೇಷ್ಟರಾಗಿದ್ದ ಅವರ ತಂದೆ ದೂರದ ಜಲಂಧರದಲ್ಲಿದ್ದ ಮಗನನ್ನು ಪತ್ತೆಹಚ್ಚಿ ಊರಿಗೆ ಕರೆತಂದರು. 1936ರಲ್ಲಿ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಅರಸಿ ಹೊರಟ ಗುರು ಕಡೆಗೆ ಮನೆಯ ಹತ್ತಿರವೇ ಸಿಕ್ಕರು. ಮಕ್ಕಳು ಮನೆ ಬಿಟ್ಟು ಹೋಗಲಿ ಎಂದು ನಾನು ಹೇಳುತ್ತಿಲ್ಲ. ಅವರ ಕಿವಿಗೆ ಏನು ಬಿದ್ದಿದೆ ಎಂಬುದು ನಮಗೆ ಮೊದಲೇ ತಿಳಿದಿರಲಿ ಎನ್ನುತ್ತೇನೆ, ಅಷ್ಟೇ.

ಇಷ್ಟೆಲ್ಲ ತಿಳಿದ ನಾನೇ ಎಡವಿದೆ. ಕೆಲವು ವರ್ಷಗಳ ಹಿಂದೆ ನನ್ನ ಮಗಳು ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಫೇಲಾದಳು. ಫಲಿತಾಂಶ ಬಂದ ದಿನ ಕೋಣೆ ಸೇರಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಣ್ಣಲ್ಲಿ ನೀರಿಲ್ಲ. ನನಗೆ ರೇಗಿತು. “ಫೇಲಾದ ದಿನವೂ ಹಾಡು ಬೇಕಾ? ನಿನಗೆ ಸ್ವಲ್ಪನಾದರೂ ಬೇಜಾರಿದೆಯಾ?” ಎಂದು ಕೂಗಿದೆ.

ಕೂಗಿದ ಮೇಲೆ ಆ ಮಾತು ನನ್ನದೇ ಹಳೆಯ ಮಾತೆಂದು ಹೊಳೆಯಿತು. ಸಲಿಕೆ ಹೊತ್ತು ಹೋಗುತ್ತಿದ್ದ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತು. ಸುಮ್ಮನೆ ಮಂಚದ ತುದಿಯಲ್ಲಿ ಕುಳಿತು, “ಯಾವ ಹಾಡವ್ವಾ ಅದು?” ಅಂದೆ. ಅವಳು ಉತ್ತರ ಕೊಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಕಿವಿಯದನ್ನು ಕಿತ್ತು ನನ್ನ ಕೈಗಿಟ್ಟಳು. ಯಾವುದೋ ಹಿಂದಿ ಸಿನಿಮಾದ ಹಾಡು. ನನಗೆ ಅರ್ಥವಾದದ್ದು ಅರ್ಧ. ಹಾಡು ಮುಗಿಯುವಷ್ಟರಲ್ಲಿ ಅವಳು ನನ್ನ ತೋಳಿಗೆ ಮುಖವೊತ್ತಿ ಅಳುತ್ತಿದ್ದಳು. ಪಾಠ ತಲೆಗೆ ಹತ್ತದೆ ಆರು ತಿಂಗಳಾಗಿತ್ತಂತೆ. ನಮಗೆ ಹೇಳಲು ಹೆದರಿ ಒಬ್ಬಳೇ ನುಂಗಿಕೊಂಡಿದ್ದಳಂತೆ.

ಆ ರಾತ್ರಿ ಅವಳಿಗೆ ಹರಿಶ್ಚಂದ್ರನ ಕತೆ ಹೇಳಿದೆ, ಪುರಾಣದ್ದಲ್ಲ, ನಮ್ಮ ಕರೂರಿನದು. ಪೂರಕ ಪರೀಕ್ಷೆಯಲ್ಲಿ ಅವಳು ಪಾಸಾದಳು. ಅದಕ್ಕಿಂತ ನನಗೆ ಹೆಚ್ಚೆನಿಸಿದ್ದು, ಆಮೇಲೆ ಅವಳು ಏನನ್ನೂ ಆರು ತಿಂಗಳು ಮುಚ್ಚಿಡಲಿಲ್ಲ ಎಂಬುದು.

ಮಕ್ಕಳೇ, ಎದೆ ಭಾರವಾದಾಗ ಹಾಡು ಕೇಳಿ, ಸಿನಿಮಾ ನೋಡಿ. ಆದರೆ ಅದು ಮುಗಿದ ಮೇಲೆ ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ. ತಂದೆತಾಯಿಗಳೇ, ‘ಹಾಡು ಬಂದ್ ಮಾಡು’ ಎನ್ನುವ ಮೊದಲು ‘ಯಾವ ಹಾಡು?’ ಎಂದು ಕೇಳಿ ನೋಡಿ.