ಶೇಕಡ 99

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಹೀಲಿಯಂ ಪರಮಾಣು. ಇರುವುದೇ ಎರಡು ಎಲೆಕ್ಟ್ರಾನ್, ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಹಾರ್ಟ್ರೀ-ಫಾಕ್ ವಿಧಾನದಲ್ಲಿ ಒಂದು ಎಲೆಕ್ಟ್ರಾನ್ ಇನ್ನೊಂದರ ಸರಾಸರಿ ಮೋಡವನ್ನಷ್ಟೇ ಕಾಣುತ್ತದೆ. ಅದು ಈ ಗಳಿಗೆ ಎಲ್ಲಿದೆ ಎಂಬುದು ಇದಕ್ಕೆ ತಿಳಿಯದು. ಹಾಗೆ ಬರುವ ಶಕ್ತಿ -2.8617 ಹಾರ್ಟ್ರೀ. ಸಾಪೇಕ್ಷತೆಯ ತಿದ್ದುಪಡಿ ಬಿಟ್ಟರೆ ನಿಜವಾದ ಬೆಲೆ -2.9037. ನಡುವಿನ 0.0420 ಹಾರ್ಟ್ರೀಯೇ ಸಹಸಂಬಂಧ ಶಕ್ತಿ. ಅದನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತು.

ಎಸ್ ಆರ್ಬಿಟಲ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಹೋದೆ. ಶಕ್ತಿ ಇಳಿಯುತ್ತ ಬಂದು -2.8790ಕ್ಕೆ ನಿಂತುಬಿಟ್ಟಿತು. ಇನ್ನೆಷ್ಟು ಸೇರಿಸಿದರೂ ನಾಲ್ಕನೇ ದಶಾಂಶ ಅಲುಗಲಿಲ್ಲ. ಯಾಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಬಾಯಿಬಿಡಲೂ ಇಲ್ಲ. ಭಾಗಿಸಿ ನೋಡಿದರೆ ನಿಜ ಬೆಲೆಯ ಶೇಕಡ 99.1. ವರದಿಯಲ್ಲಿ ಅದನ್ನೇ ಬರೆದು ಪಕ್ಕದಲ್ಲಿ ‘ತೃಪ್ತಿಕರ’ ಎಂದು ಸೇರಿಸಿದೆ. ಏನೂ ಮಾಡದ ಹಾರ್ಟ್ರೀ-ಫಾಕ್ ಬೆಲೆಯೇ ಶೇಕಡ 98.6 ಇತ್ತು. ಹಿಡಿಯಬೇಕಾಗಿದ್ದರಲ್ಲಿ ನಾನು ಹಿಡಿದದ್ದು ಶೇಕಡ 41 ಮಾತ್ರ. ಆ ಲೆಕ್ಕವನ್ನೂ ಮಾಡಿದ್ದೆ, ಬರೆಯಲಿಲ್ಲ.

ಮೇಷ್ಟ್ರು ಪುಟ ತಿರುವುತ್ತ ಕೇಳಿದರು: “ಇನ್ನೊಂದು ಎಲೆಕ್ಟ್ರಾನ್ ಯಾವ ದಿಕ್ಕಿನಲ್ಲಿದೆ ಅಂತ ಈ ಎಲೆಕ್ಟ್ರಾನ್‌ಗೆ ಗೊತ್ತಾಗುತ್ತೇನಯ್ಯಾ?”

“ಗೊತ್ತಾಗುತ್ತೆ ಸಾರ್,” ಅಂದೆ.

ಗೊತ್ತಾಗುತ್ತಿರಲಿಲ್ಲ. ಎಸ್ ಆರ್ಬಿಟಲ್ ಎಲ್ಲ ಕಡೆಗೂ ಒಂದೇ ಸಮ, ಅದಕ್ಕೆ ದಿಕ್ಕೇ ಇಲ್ಲ. ಒಂದು ಎಲೆಕ್ಟ್ರಾನ್ ನ್ಯೂಕ್ಲಿಯಸ್‌ಗೆ ಹತ್ತಿರವಿದ್ದಾಗ ಇನ್ನೊಂದು ದೂರ ಸರಿಯುವುದನ್ನು ಅದು ಹೇಳಬಲ್ಲದು. ಒಂದು ಈ ಕಡೆ ಇದ್ದಾಗ ಇನ್ನೊಂದು ಆ ಕಡೆ ಇರಲು ಬಯಸುವುದನ್ನು ಹೇಳಲಾರದು. ಪಿ ಆರ್ಬಿಟಲ್‌ಗಳನ್ನು ಸೇರಿಸಿದ್ದರೆ ಶಕ್ತಿ -2.9005ರವರೆಗೆ ಇಳಿಯುತ್ತಿತ್ತು. ಭೌತವಿಜ್ಞಾನಿ ಹಿಲ್ಲೆರಾಸ್ 1929ರಲ್ಲೇ ಎರಡು ಎಲೆಕ್ಟ್ರಾನ್‌ಗಳ ನಡುವಿನ ದೂರವನ್ನು ನೇರವಾಗಿ ತರಂಗ ಫಲನದೊಳಗೆ ತಂದಿದ್ದರು; ಮೂರೇ ಪದಗಳ ಫಲನಕ್ಕೆ -2.9024 ಸಿಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ನಾನೂ ಮೇಷ್ಟ್ರಾದೆ. ತರಗತಿಯಲ್ಲಿ ಸಹಸಂಬಂಧ ಶಕ್ತಿಯನ್ನು ‘ಚಿಕ್ಕದು’ ಎಂದು ವರ್ಷಗಟ್ಟಲೆ ದಾಟಿಸಿದೆ. ಸರಾಸರಿಯನ್ನೇ ನಂಬಿದರೆ ಎರಡು ಫ್ಲೋರಿನ್ ಪರಮಾಣುಗಳು ಅಂಟಿಕೊಳ್ಳುವುದೇ ಇಲ್ಲ ಎಂಬುದು ತಿಳಿದಿದ್ದೂ ಹಾಗೆ ಹೇಳಿದೆ. ಆ ಪಾಠ ಬಂದಾಗಲೆಲ್ಲ ನನ್ನ ವರದಿ ನೆನಪಾಗುತ್ತಿತ್ತು, ಅದಕ್ಕೇ ಅವಸರ.

ಮೊನ್ನೆ ಒಬ್ಬ ವಿದ್ಯಾರ್ಥಿನಿ ಹೀಲಿಯಂ ಲೆಕ್ಕ ತಂದಳು. ಕೊನೆಯ ಸಾಲು -2.8790. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಳು: ‘ಇಲ್ಲಿ ಯಾಕೆ ನಿಂತಿತು?’ ಬೀರುವಿನಿಂದ ನನ್ನ ಹಳೆಯ ವರದಿ ತೆಗೆದು, ‘ತೃಪ್ತಿಕರ’ ಎಂದಿದ್ದ ಪುಟ ಬಿಡಿಸಿ ಅವಳ ಮುಂದಿಟ್ಟೆ.