ನೂರೇಳರ ಗೆರೆ

ಕಾರಿನ ಪಂದ್ಯವೆಂದರೆ ನಮ್ಮ ಹಾಸ್ಟೆಲಿನ ಗೆಳೆಯರಿಗೆ ವೇಗವೊಂದೇ ಕಣ್ಣ ಮುಂದೆ ಬರುತ್ತದೆ. ನನಗೆ ಮಾತ್ರ, ಏಕೋ ಏನೋ, ಪಂದ್ಯಕ್ಕಿಂತ ಅದಕ್ಕೆ ಮೊದಲಿನ ಅರ್ಹತಾ ಸುತ್ತಿನ ಮೇಲೆಯೇ ಮೋಹ. ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ನಿಲ್ಲಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಯಾರು ನಿಲ್ಲಲೇಬಾರದು ಎಂಬುದೂ ಅಲ್ಲಿಯೇ.

ಫಾರ್ಮುಲಾ ಒನ್ ಪಂದ್ಯಗಳಲ್ಲಿ ಶೇಕಡ 107ರ ನಿಯಮವೊಂದುಂಟು. 1996ರಲ್ಲಿ ಬಂದಿತು, 2002ರ ಬಳಿಕ ಹೋಯಿತು, 2011ರಲ್ಲಿ ಮತ್ತೆ ಬಂದಿತು. ಮೊದಲ ಹಂತದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನು ಸುತ್ತಿಗೆ 100 ಸೆಕೆಂಡು ತೆಗೆದುಕೊಂಡನೆನ್ನಿ. ಉಳಿದವರು 107 ಸೆಕೆಂಡಿನೊಳಗೆ ಮುಗಿಸಬೇಕು. ಇಲ್ಲವಾದರೆ ಪಂದ್ಯದಲ್ಲಿ ಸ್ಥಳವಿಲ್ಲ. ತೀರ ನಿಧಾನದ ಕಾರು ವೇಗದವರಿಗೆ ಅಡ್ಡ ಸಿಕ್ಕರೆ ಅಪಾಯವೆಂಬುದು ನಿಜ. ಅಭ್ಯಾಸದ ಓಟದಲ್ಲಿ ತಕ್ಕ ವೇಗ ತೋರಿದ್ದವನನ್ನು ಸೇರಿಸಿಕೊಳ್ಳುವ ಅಧಿಕಾರವೂ ತೀರ್ಪುಗಾರರಿಗುಂಟು.

ಈ ಗೆರೆಯ ಹೊರಗುಳಿದವರಲ್ಲಿ ನಮ್ಮ ದೇಶದ ನರೈನ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರು ಅವರೇ. 2011ರಲ್ಲಿ ಎಚ್.ಆರ್.ಟಿ. ಎಂಬ ಸ್ಪೇನಿನ ಬಡ ತಂಡದ ಪರವಾಗಿ ಮೆಲ್ಬರ್ನಿಗೆ ಹೋದರು. ಋತುವಿಗೆ ಮುಂಚಿನ ಪರೀಕ್ಷಾ ಓಟಗಳಲ್ಲಿ ಆ ಹೊಸ ಕಾರು ಒಮ್ಮೆಯೂ ಓಡಿರಲಿಲ್ಲ. ಅವರೂ ಜೊತೆಗಾರ ಲಿಯುಝಿಯೂ ಗೆರೆಯಾಚೆ ಉಳಿದರು. 2012ರಲ್ಲೂ ಅದೇ ಊರು, ಅದೇ ತಂಡ, ಅದೇ ಫಲ.

ಇದನ್ನು ಓದಿದಾಗ ನನಗೆ ಅಕ್ಕನ ನೆನಪಾಯಿತು. ಆಕೆ ಎಸ್.ಎಸ್.ಎಲ್.ಸಿ. ಓದಿದ ವರ್ಷ ಶಾಲೆಯಲ್ಲಿ ಗಣಿತದ ಮೇಷ್ಟರೇ ಇರಲಿಲ್ಲ. ಗಣಿತದಲ್ಲಿ 31 ಬಂತು, ಬೇಕಾದದ್ದು 35. ಅಲ್ಲಿಗೆ ಓದು ನಿಂತಿತು. ಎರಡು ವರ್ಷದ ನಂತರ ಮೇಷ್ಟರು ಬಂದರು, ನಾನು ಪಾಸಾದೆ. ಮನೆಯಲ್ಲಿ ಬಿ.ಎ. ಮೆಟ್ಟಿಲು ಹತ್ತಿದ ಮೊದಲಿಗ ನಾನೆಂದು ಎಲ್ಲರೂ ಹೊಗಳುತ್ತಾರೆ. ಲೆಕ್ಕದಲ್ಲಿ ಅಕ್ಕ ನನಗಿಂತ ಚುರುಕು. ಲಾರಿ ಓಡಿಸುವ ನಮ್ಮಪ್ಪನಿಗೆ ಕಾರ್ತಿಕೇಯನ್ ಕಥೆ ಹೇಳಿದೆ. “ಗಾಡಿ ಸರಿಯಿಲ್ದಿದ್ರೆ ಡ್ರೈವರ್ ಏನ್ ಮಾಡ್ತಾನಪ್ಪಾ?” ಎಂದರು.

ಹಾಗೆಂದು ನಿಯಮವೇ ಬೇಡವೆನ್ನುವವನಲ್ಲ ನಾನು. 2006ರಲ್ಲಿ ಮೊನಾಕೋದ ಅರ್ಹತಾ ಸುತ್ತಿನ ಕೊನೆಯ ಗಳಿಗೆಯಲ್ಲಿ, ಮೊದಲ ಸ್ಥಾನದಲ್ಲಿದ್ದ ಶುಮಾಕರ್ ರಾಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿಬಿಟ್ಟರು. ಹಿಂದೆ ಬರುತ್ತಿದ್ದ ಅಲೊನ್ಸೊ ಅವರ ಸುತ್ತು ಕೆಟ್ಟಿತು. ಬೇಕೆಂದೇ ಮಾಡಿದ್ದೆಂದು ತೀರ್ಪುಗಾರರು ಬಗೆದು ಅವರ ಸಮಯಗಳನ್ನೆಲ್ಲ ಅಳಿಸಿ ಕಟ್ಟಕಡೆಗೆ ತಳ್ಳಿದರು. ಏಳು ಸಲದ ಚಾಂಪಿಯನ್ನೆಂದು ಮುಖ ನೋಡಲಿಲ್ಲ. ಅದು ನನಗೆ ಮೆಚ್ಚಿಗೆ. 2021ರಲ್ಲಿ ಬ್ರೆಜಿಲಿನಲ್ಲಿ ಹ್ಯಾಮಿಲ್ಟನ್ ಅವರ ಕಾರಿನ ಹಿಂದಿನ ರೆಕ್ಕೆ ತೆರೆದುಕೊಳ್ಳುವ ಸಂದು 85 ಮಿಲಿಮೀಟರಿನ ಮಿತಿಯನ್ನು 0.2ರಷ್ಟು ಮೀರಿತು. ಮೋಸವಿಲ್ಲವೆಂದು ಒಪ್ಪಿಯೂ ಅರ್ಹತೆಯಿಂದ ಹೊರಹಾಕಿದರು. ಅಳತೆ ಅಳತೆಯೇ, ಇರಲಿ. ಅವರು ಶನಿವಾರದ ಕಿರು ಓಟವನ್ನು ಕೊನೆಯಿಂದ ಹೊರಟು ಐದನೆಯವರಾದರು, ಎಂಜಿನ್ ಬದಲಿಸಿದ ದಂಡದಿಂದ ಹತ್ತಕ್ಕಿಳಿದು, ಭಾನುವಾರ ಗೆದ್ದರು! ಆದರೆ ಅವರ ಕೆಳಗಿದ್ದದ್ದು ಮರ್ಸಿಡಿಸ್ ಕಾರು.

ಕಾರ್ತಿಕೇಯನ್ ಅವರು ಮೆಲ್ಬರ್ನಿನ ಮರುವಾರವೇ, 2012ರ ಮಾರ್ಚಿಯಲ್ಲಿ, ಮಲೇಷಿಯಾದ ಸೆಪಾಂಗಿನಲ್ಲಿ ಗೆರೆಯೊಳಗೆ ಬಂದರು. ಪಂದ್ಯದ ದಿನ ಮಳೆ. ಜಡಿಮಳೆಯ ಟೈರು ಹಾಕಿಕೊಂಡೇ ಹಿಂದಿನ ಸಾಲಿನಿಂದ ಹೊರಟಿದ್ದ ಅವರು, ಓಟವನ್ನು ನಡುವೆ ನಿಲ್ಲಿಸಿದಾಗ ಹತ್ತನೆಯ ಸ್ಥಾನದಲ್ಲಿದ್ದರು.